ಅಜ್ಜಿಯ ಫೋನಿನಿಂದ ಮೊಮ್ಮಗಳ ಐಪ್ಯಾಡಿಗೆ: ಮನೆಯೊಳಗಿನ ವೈ-ಫೈ ದಾರಿ

ಜಾನ್ಸ್ ಕ್ರೀಕ್‌ನ ಯಾವ ಕನ್ನಡ ಮನೆಗಾದರೂ ಹೋಗಿ ಎಣಿಸಿ ನೋಡಿ. ಅಮ್ಮನ ಐಫೋನು, ಅಪ್ಪನ ಆಂಡ್ರಾಯ್ಡ್ ಫೋನು, ಇಬ್ಬರ ಆಫೀಸಿನ ಲ್ಯಾಪ್‌ಟಾಪುಗಳು, ಮನೆಯದೇ ಆದ ಒಂದು ಹಳೇ ವಿಂಡೋಸ್ ಕಂಪ್ಯೂಟರು, ಮಕ್ಕಳ ಐಪ್ಯಾಡು, ಊರಿಂದ ಅಜ್ಜಿ ಬಂದಿದ್ದರೆ ಅವರ ಕೈಯಲ್ಲೊಂದು ಫೋನು. ಇಷ್ಟೂ ಒಂದೇ ಸೂರಿನಡಿ, ಒಂದೇ ವೈ-ಫೈಯಲ್ಲಿ ಇರುತ್ತವೆ. ಆದರೂ ಅಜ್ಜಿಯ ಫೋನಿನಲ್ಲಿರುವ ಒಂದು ಕತೆ ಹತ್ತಡಿ ದೂರದ ಮೊಮ್ಮಗಳ ಐಪ್ಯಾಡಿಗೆ ಹೋಗಬೇಕಾದರೆ ಅದು ವಾಟ್ಸಾಪ್ ಹತ್ತಿ, ಎಲ್ಲೋ ದೂರದ ಸರ್ವರ್ ಸುತ್ತಿ, ಅಮ್ಮನ ಫೋನಿಗೆ ಇಳಿದು, ಅಲ್ಲೇ ನಿಂತುಬಿಡುತ್ತದೆ. ಮೊಮ್ಮಗಳಿಗೆ ಎಂಟು ವರ್ಷ. ತಾನೇ ವಾಟ್ಸಾಪ್ ಖಾತೆ ತೆರೆಯಲು ಹದಿಮೂರು ತುಂಬಿರಬೇಕು. ಕತೆ ಕೇಳಬೇಕೆಂದರೆ ಅವಳು ಅಮ್ಮನ ಫೋನ್ ಕೇಳಬೇಕು, ಅಮ್ಮನಿಗೆ ಮೀಟಿಂಗ್ ಇರುತ್ತದೆ, ಅಷ್ಟರಲ್ಲಿ ಐಪ್ಯಾಡಿನಲ್ಲಿ ಇಂಗ್ಲಿಷ್ ಕಾರ್ಟೂನ್ ಶುರುವಾಗಿರುತ್ತದೆ.

ಮಕ್ಕಳಿಗೆ ಕನ್ನಡ ಯಾಕೆ ಬರುತ್ತಿಲ್ಲ ಎಂದು ನಾವು ಗೆಳೆಯರ ಮನೆಯ ಊಟದಲ್ಲಿ ಗಂಟೆಗಟ್ಟಲೆ ಮಾತಾಡುತ್ತೇವೆ. ಪಠ್ಯ, ತರಗತಿ, ಮನೆಯಲ್ಲಿ ಯಾವ ಭಾಷೆ ಎಂಬುದೆಲ್ಲ ಬರುತ್ತದೆ. ಮನೆಯಲ್ಲಿ ಈಗಾಗಲೇ ಇರುವ ಕನ್ನಡ ಮಗುವಿನ ಕೈಗೆ ಎಟುಕುವ ಜಾಗದಲ್ಲಿ ಇದೆಯೇ ಎಂಬ ಸಣ್ಣ ಪ್ರಶ್ನೆ ಮಾತ್ರ ಬರುವುದಿಲ್ಲ. ಇಂಗ್ಲಿಷ್ ಒಂದು ಬೆರಳು ಒತ್ತಿದರೆ ಸಿಗುತ್ತದೆ. ಕನ್ನಡಕ್ಕೆ ದೊಡ್ಡವರ ಅನುಮತಿ, ಪಾಸ್‌ವರ್ಡು, ಬಿಡುವು ಮೂರೂ ಬೇಕು. ನನ್ನ ಮಟ್ಟಿಗೆ ಇದು ಭಾಷೆಯ ಪ್ರಶ್ನೆ ಎಷ್ಟೋ ಫೈಲು ಎಲ್ಲಿದೆ ಎಂಬ ಪ್ರಶ್ನೆಯೂ ಅಷ್ಟೇ. ಎರಡನೆಯದನ್ನು ಒಂದು ಶನಿವಾರ ಮಧ್ಯಾಹ್ನದಲ್ಲಿ ಬಗೆಹರಿಸಬಹುದು. ಅದಕ್ಕೆ ದುಡ್ಡು ಕೊಡಬೇಕಿಲ್ಲ, ಇಂಟರ್ನೆಟ್ ಕೂಡ ಬೇಕಿಲ್ಲ.

ಇಂಟರ್ನೆಟ್ ಬೇಡ ಎಂದರೆ ಬಹಳ ಮಂದಿ ನಂಬುವುದಿಲ್ಲ. ವೈ-ಫೈ ಮತ್ತು ಇಂಟರ್ನೆಟ್ ಎರಡೂ ಒಂದೇ ಎಂದು ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ವೈ-ಫೈ ಎನ್ನುವುದು ನಿಮ್ಮ ಮನೆಯ ಪಡಸಾಲೆ. ಇಂಟರ್ನೆಟ್ ಎನ್ನುವುದು ಬೀದಿ. ಪಡಸಾಲೆಯಲ್ಲಿ ಎದುರುಬದುರು ಕೂತವರು ಒಂದು ಲೋಟ ನೀರು ದಾಟಿಸಲು ಬೀದಿಗೆ ಇಳಿಯಬೇಕಿಲ್ಲ. ನಮ್ಮ ಕಡೆಯ ಕೇಬಲ್ ಕಂಪನಿಗಳ ಸಂಪರ್ಕದಲ್ಲಿ ಡೌನ್‌ಲೋಡ್ ವೇಗ ನೂರಾರು ಮೆಗಾಬಿಟ್ ಇದ್ದರೂ ಅಪ್‌ಲೋಡ್ ವೇಗ ಅನೇಕ ಮನೆಗಳಲ್ಲಿ ಬಹಳ ಕಡಿಮೆ. ಸೆಕೆಂಡಿಗೆ 10 ಮೆಗಾಬಿಟ್ ಎಂದುಕೊಂಡರೆ ಒಂದು ಗಿಗಾಬೈಟಿನ ವಿಡಿಯೋ ಹೊರಗೆ ಹೋಗಲಿಕ್ಕೇ ಹದಿಮೂರು ನಿಮಿಷ ಬೇಕು, ಆಮೇಲೆ ಅದು ಮತ್ತೆ ಒಳಗೆ ಬರಬೇಕು. ಅದೇ ವಿಡಿಯೋ ಮನೆಯೊಳಗಿನ ವೈ-ಫೈಯಲ್ಲಿ ಸೆಕೆಂಡಿಗೆ 200 ಮೆಗಾಬಿಟ್ ವೇಗದಲ್ಲಿ ಹೋದರೆ 40 ಸೆಕೆಂಡು. ನಮ್ಮ ಕಾಲೇಜು ದಿನಗಳ ಬ್ಲೂಟೂತ್‌ನಲ್ಲಿ, ಸೆಕೆಂಡಿಗೆ ಎರಡು ಮೆಗಾಬಿಟ್ ಲೆಕ್ಕದಲ್ಲಿ, ಒಂದು ಗಂಟೆ ದಾಟುತ್ತದೆ. ಹಾಸ್ಟೆಲ್‌ನಲ್ಲಿ ಎರಡು ಫೋನನ್ನು ಮೈಗೆ ಮೈ ತಾಗಿಸಿಟ್ಟು ಹಾಡು ದಾಟಿಸುತ್ತಿದ್ದ ನೆನಪು ನನ್ನ ಓರಗೆಯವರಿಗೆ ಇದ್ದೇ ಇರುತ್ತದೆ.

2024ರ ಸೆಪ್ಟೆಂಬರ್ 26ರ ರಾತ್ರಿ ಫ್ಲಾರಿಡಾಕ್ಕೆ ಅಪ್ಪಳಿಸಿದ ಹೆಲೀನ್ ಚಂಡಮಾರುತ ಜಾರ್ಜಿಯಾ ದಾಟಿ ಉತ್ತರ ಕ್ಯಾರೊಲೈನಾದ ಬೆಟ್ಟಸೀಮೆಗೆ ಹೋಗಿ ಸುರಿಯಿತಲ್ಲ, ಆಗ ಆ್ಯಶ್‌ವಿಲ್ ಸುತ್ತಮುತ್ತ ಕರೆಂಟು, ಇಂಟರ್ನೆಟ್, ಮೊಬೈಲ್ ಸಿಗ್ನಲ್ ಎಲ್ಲ ದಿನಗಟ್ಟಲೆ ಇರಲಿಲ್ಲ. ಮಕ್ಕಳ ಕತೆ, ಹಾಡು, ಕಾರ್ಟೂನ್ ಎಲ್ಲ ಸ್ಟ್ರೀಮಿಂಗ್‌ನಲ್ಲೇ ಇಟ್ಟುಕೊಂಡ ಮನೆಗೆ ಅಂಥ ದಿನಗಳಲ್ಲಿ ಏನೂ ಉಳಿಯುವುದಿಲ್ಲ. ಬ್ಯಾಟರಿ ಉಳಿದ ಎರಡು ಫೋನುಗಳು ಮಾತ್ರ ಪರಸ್ಪರ ಫೈಲು ದಾಟಿಸಬಲ್ಲವು. ಏರ್‌ಡ್ರಾಪ್‌ನಂಥದ್ದಕ್ಕೆ ರೂಟರ್ ಕೂಡ ಬೇಕಾಗಿಲ್ಲ.

ಒಂದೇ ಜಾತಿಯ ಸಾಧನಗಳಾದರೆ

ಮನೆಯಲ್ಲಿ ಎಲ್ಲವೂ ಆ್ಯಪಲ್ ಆಗಿದ್ದರೆ ಕೆಲಸ ಸುಲಭ. ಏರ್‌ಡ್ರಾಪ್ 2011ರಲ್ಲಿ ಮ್ಯಾಕ್‌ಗೆ, 2013ರಲ್ಲಿ ಐಫೋನು-ಐಪ್ಯಾಡುಗಳಿಗೆ ಬಂತು. ಬ್ಲೂಟೂತ್‌ನಿಂದ ಪಕ್ಕದಲ್ಲಿ ಯಾರಿದ್ದಾರೆ ಎಂದು ತಿಳಿದುಕೊಂಡು, ಆಮೇಲೆ ಎರಡು ಸಾಧನಗಳ ನಡುವೆ ನೇರ ವೈ-ಫೈ ಕಟ್ಟಿಕೊಂಡು ಫೈಲು ಸಾಗಿಸುತ್ತದೆ. ಸೆಟ್ಟಿಂಗ್ಸ್‌ನ ಜನರಲ್ ಒಳಗೆ ಏರ್‌ಡ್ರಾಪ್ ಎಂದಿರುತ್ತದೆ. ಅಲ್ಲಿ ಯಾರಿಂದಲೂ ಬೇಡ, ಕಾಂಟ್ಯಾಕ್ಟ್ಸ್ ಮಾತ್ರ, ಹತ್ತು ನಿಮಿಷ ಎಲ್ಲರಿಂದ ಎಂಬ ಮೂರು ಆಯ್ಕೆಗಳು. ಮಕ್ಕಳ ಐಪ್ಯಾಡಿನಲ್ಲಿ ಎರಡನೆಯದನ್ನೇ ಇಡಿ. ಅದು ಕೆಲಸ ಮಾಡಬೇಕಾದರೆ ಎರಡೂ ಕಡೆ ಐಕ್ಲೌಡ್ ಲಾಗಿನ್ ಆಗಿರಬೇಕು, ಒಬ್ಬರ ಕಾಂಟ್ಯಾಕ್ಟ್ಸ್‌ನಲ್ಲಿ ಇನ್ನೊಬ್ಬರು ಇರಬೇಕು. ಮಗುವಿಗೆ ಫೋನ್ ನಂಬರ್ ಇಲ್ಲ; ಆದ್ದರಿಂದ ಫ್ಯಾಮಿಲಿ ಶೇರಿಂಗ್‌ನಲ್ಲಿ ಮಾಡಿಕೊಟ್ಟ ಮಗುವಿನ ಆ್ಯಪಲ್ ಖಾತೆಯ ಇಮೇಲನ್ನು ನಿಮ್ಮ ಕಾಂಟ್ಯಾಕ್ಟ್ಸ್‌ಗೆ ಸೇರಿಸಿ, ನಿಮ್ಮದನ್ನು ಮಗುವಿನದಕ್ಕೆ ಸೇರಿಸಿ. ‘ಮಗಳ ಐಪ್ಯಾಡು ಕಾಣುವುದೇ ಇಲ್ಲ’ ಎಂಬ ದೂರಿಗೆ ಬಹುಪಾಲು ಇದೇ ಕಾರಣ.

ಎಲ್ಲವೂ ಆಂಡ್ರಾಯ್ಡ್ ಆದರೆ ಕ್ವಿಕ್ ಶೇರ್. ಗೂಗಲ್ 2020ರಲ್ಲಿ ನಿಯರ್‌ಬೈ ಶೇರ್ ಎಂದು ತಂದದ್ದನ್ನು 2024ರ ಜನವರಿಯಲ್ಲಿ ಸ್ಯಾಮ್‌ಸಂಗ್‌ನ ಕ್ವಿಕ್ ಶೇರ್ ಜೊತೆ ಒಂದುಮಾಡಿ ಅದೇ ಹೆಸರಿಟ್ಟಿತು. ವಿಂಡೋಸ್ ಕಂಪ್ಯೂಟರಿಗೂ ಅದರ ಉಚಿತ ತಂತ್ರಾಂಶ ಇದೆ. ಇದರಲ್ಲೂ ನನ್ನ ಸಾಧನಗಳು, ಕಾಂಟ್ಯಾಕ್ಟ್ಸ್, ಹತ್ತು ನಿಮಿಷ ಎಲ್ಲರೂ ಎಂಬ ಆಯ್ಕೆಗಳು ಹೆಚ್ಚುಕಡಿಮೆ ಅವೇ.

ತೊಂದರೆ ಇರುವುದು ಮಿಶ್ರ ಮನೆಗಳಲ್ಲಿ. ನಮ್ಮ ಮನೆಗಳೆಲ್ಲ ಮಿಶ್ರ ಮನೆಗಳೇ. ಇಲ್ಲಿ ನಾವು ಐಫೋನ್ ಹಿಡಿದಿದ್ದರೆ, ತೀರ್ಥಹಳ್ಳಿಯಿಂದ ಬಂದ ನನ್ನ ಅಮ್ಮನ ಕೈಯಲ್ಲಿ ಆಂಡ್ರಾಯ್ಡ್. 2025ರ ನವೆಂಬರ್‌ನಲ್ಲಿ ಗೂಗಲ್ ಪಿಕ್ಸೆಲ್ 10 ಸರಣಿಯ ಫೋನುಗಳಿಂದ ನೇರವಾಗಿ ಏರ್‌ಡ್ರಾಪ್‌ಗೆ ಕಳಿಸುವ ಏರ್ಪಾಡು ತಂದಿತು. ಒಳ್ಳೆಯದೇ. ಆದರೆ ಊರಿನಿಂದ ಬಂದ ನಾಲ್ಕು ವರ್ಷದ ಫೋನಿಗೆ ಅದನ್ನು ಕಾಯುತ್ತ ಕೂರಲಾಗದು; ಅಜ್ಜಿಯ ವೀಸಾದ ಆರು ತಿಂಗಳು ಬೇಗ ಮುಗಿಯುತ್ತದೆ.

ಮಿಶ್ರ ಮನೆಗೆ ನಾನು ಹೇಳುವುದು ಲೋಕಲ್‌ಸೆಂಡ್ ಎಂಬ ಆ್ಯಪ್. ಉಚಿತ, ಮುಕ್ತ ತಂತ್ರಾಂಶ, ಜಾಹೀರಾತಿಲ್ಲ, ಖಾತೆ ತೆರೆಯುವುದಿಲ್ಲ. ಐಫೋನ್, ಆಂಡ್ರಾಯ್ಡ್, ವಿಂಡೋಸ್, ಮ್ಯಾಕ್, ಲಿನಕ್ಸ್ ಎಲ್ಲಕ್ಕೂ ಇದೆ. ಎರಡು ಸಾಧನಗಳಲ್ಲಿ ಹಾಕಿ, ಎರಡನ್ನೂ ಒಂದೇ ವೈ-ಫೈಗೆ ಸೇರಿಸಿ, ಎರಡರಲ್ಲೂ ಆ್ಯಪ್ ತೆರೆದಿಡಿ. ಕಳಿಸುವವರು ‘ಸೆಂಡ್’ ಒತ್ತಿ ಫೈಲು ಆರಿಸಿದರೆ ಎದುರಿನ ಸಾಧನದ ಹೆಸರು ಕಾಣುತ್ತದೆ. ಅದನ್ನು ಮುಟ್ಟಿದರೆ ಅತ್ತ ಕಡೆ ‘ಒಪ್ಪಿಗೆಯೇ?’ ಎಂದು ಕೇಳುತ್ತದೆ. ಫೈಲು ಗೂಢಲಿಪಿಯಲ್ಲಿ ಹೋಗುತ್ತದೆ, ಮನೆಯ ಹೊಸಿಲು ದಾಟುವುದಿಲ್ಲ. ಐಫೋನು-ಐಪ್ಯಾಡಿನಲ್ಲಿ ಪರದೆ ಆರಿದರೆ ಸಾಗಾಣಿಕೆಯೂ ನಿಂತುಹೋಗುತ್ತದೆ, ಆದ್ದರಿಂದ ದೊಡ್ಡ ವಿಡಿಯೋ ಬರುವಾಗ ಪರದೆ ಎಚ್ಚರವಾಗಿರಲಿ. ಬಂದದ್ದು ಎಲ್ಲಿ ಹೋಯಿತು ಎಂದು ಹುಡುಕುವವರಿಗೆ: ಆಂಡ್ರಾಯ್ಡ್‌ನಲ್ಲಿ ಡೌನ್‌ಲೋಡ್ ಫೋಲ್ಡರು, ಐಪ್ಯಾಡಿನಲ್ಲಿ ಫೈಲ್ಸ್ ಆ್ಯಪ್ ಒಳಗೆ ಲೋಕಲ್‌ಸೆಂಡ್ ಎಂಬ ಫೋಲ್ಡರು.

ಈ ಆ್ಯಪ್ ಪ್ರತಿ ಸಾಧನಕ್ಕೂ ತಾನೇ ಒಂದು ಹಣ್ಣಿನದೋ ತರಕಾರಿಯದೋ ತಮಾಷೆ ಹೆಸರಿಡುತ್ತದೆ, ಇಂಗ್ಲಿಷಿನಲ್ಲಿ. ಅದನ್ನು ಸೆಟ್ಟಿಂಗ್ಸ್‌ನಲ್ಲಿ ಬದಲಿಸಬಹುದು. ನಮ್ಮಲ್ಲಿ ಅವುಗಳ ಹೆಸರು ಈಗ ‘ಅಜ್ಜಿ ಫೋನ್’, ‘ಅಪ್ಪ ಫೋನ್’, ‘ದೊಡ್ಡ ಕಂಪ್ಯೂಟರ್’, ‘ಪುಟ್ಟಿ ಐಪ್ಯಾಡ್’. ಕನ್ನಡ ಲಿಪಿಯಲ್ಲೇ. ಫೋಟೋ ಯಾರಿಗೆ ಕಳಿಸಬೇಕು ಎಂದು ಆರಿಸಲು ಮಗಳು ಆ ಹೆಸರು ಓದಲೇಬೇಕು. ಅಪ್ಪ, ಅಜ್ಜಿ ಎರಡೂ ‘ಅ’ದಿಂದಲೇ ಶುರು, ಮೊದಲಕ್ಷರ ನೋಡಿ ಊಹಿಸಿದರೆ ಫೋಟೋ ತಪ್ಪು ಕಡೆ ಹೋಗುತ್ತದೆ. ಒತ್ತಕ್ಷರ ಗಮನಿಸಲು ಇದಕ್ಕಿಂತ ಒಳ್ಳೆಯ ಕಾರಣ ಯಾವ ವರ್ಕ್‌ಶೀಟ್ ಕೊಟ್ಟೀತು! ಐಫೋನು-ಐಪ್ಯಾಡಿನ ಹೆಸರನ್ನು ಸೆಟ್ಟಿಂಗ್ಸ್, ಜನರಲ್, ಅಬೌಟ್ ಒಳಗೆ ಹೀಗೆಯೇ ಕನ್ನಡಕ್ಕೆ ಬದಲಿಸಿದರೆ ಏರ್‌ಡ್ರಾಪ್‌ನಲ್ಲೂ ಅದೇ ಕಾಣುತ್ತದೆ. ವಿಂಡೋಸ್ ಕಂಪ್ಯೂಟರಿನ ಸ್ವಂತ ಹೆಸರನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ ಬಿಡಿ, ನೆಟ್‌ವರ್ಕ್‌ನಲ್ಲಿ ಹುಡುಕುವಾಗ ತಲೆನೋವು ತಪ್ಪುತ್ತದೆ.

ಕಾಣುತ್ತಲೇ ಇಲ್ಲ ಎಂದಾಗ

ಒಂದೇ ವೈ-ಫೈಯಲ್ಲಿ ಇದ್ದರೂ ಸಾಧನಗಳು ಒಂದಕ್ಕೊಂದು ಕಾಣುವುದಿಲ್ಲ ಎಂಬುದೇ ಎಲ್ಲರ ಗೋಳು. ನಾಲ್ಕು ಕಾರಣಗಳಲ್ಲಿ ಯಾವುದೋ ಒಂದು ಇರುತ್ತದೆ.

ಸಾಧನಗಳು ಒಂದನ್ನೊಂದು ಪತ್ತೆಹಚ್ಚುವ ರೀತಿ ಹಳೇ ವಠಾರದ ಹಾಗೆ. ನೀರು ಬಂತೇ ಎಂದು ಒಬ್ಬರು ಅಂಗಳದಲ್ಲಿ ನಿಂತು ಕೂಗುತ್ತಾರೆ, ಕೇಳಿಸಿದವರೆಲ್ಲ ತಂತಮ್ಮ ಮನೆಯಿಂದ ಓಗೊಡುತ್ತಾರೆ. ನೆಟ್‌ವರ್ಕ್‌ನಲ್ಲೂ ಹೀಗೆ ಕೂಗಲಿಕ್ಕೆಂದೇ ಕಾದಿಟ್ಟ ವಿಳಾಸಗಳಿವೆ. ಆ ವಿಳಾಸಕ್ಕೆ ‘ಯಾರಿದ್ದೀರಿ?’ ಎಂದು ಕಳಿಸಿದರೆ ಅಕ್ಕಪಕ್ಕದ ಸಾಧನಗಳೆಲ್ಲ ಕೇಳಿಸಿಕೊಳ್ಳುತ್ತವೆ. ಈ ಕೂಗು ತಲುಪದ ಕಡೆ ಹಂಚಿಕೆಯೂ ಇಲ್ಲ.

ಮೊದಲ ಕಾರಣ, ಗೆಸ್ಟ್ ನೆಟ್‌ವರ್ಕ್. ಅಜ್ಜಿ ಬಂದ ದಿನ, ಸುಲಭದ ಪಾಸ್‌ವರ್ಡ್ ಎಂದು ನಾವು ಅವರ ಫೋನಿಗೆ ಕೊಡುವುದು ಅತಿಥಿಗಳ ವೈ-ಫೈ. ಅದರ ಉದ್ದೇಶವೇ ಅತಿಥಿಗಳನ್ನು ಮನೆಯ ಸಾಧನಗಳಿಂದ ದೂರ ಇಡುವುದು. ಪ್ರತಿ ಕೋಣೆಯ ಬಾಗಿಲೂ ಮುಚ್ಚಿರುತ್ತದೆ. ಅಜ್ಜಿ ಅತಿಥಿಯಲ್ಲ, ಮನೆಯ ಮುಖ್ಯ ವೈ-ಫೈಗೇ ಸೇರಿಸಿ. ಎರಡನೆಯದು, ಇಲ್ಲಿನ ಮನೆಗಳ ಬೇಸ್‌ಮೆಂಟ್. ಮೇಲಿನ ಕಂಪನಿ ರೂಟರಿನ ಸಿಗ್ನಲ್ ಕೆಳಗೆ ಬರುವುದಿಲ್ಲವೆಂದು ಇನ್ನೊಂದು ರೂಟರ್ ತಂದು ಹಾಕಿರುತ್ತೇವೆ. ಎರಡೂ ಬೇರೆ ಬೇರೆ ನೆಟ್‌ವರ್ಕ್ ಕಟ್ಟಿಕೊಂಡಿದ್ದರೆ ಮೇಲಿನ ಕೂಗು ಕೆಳಗೆ ಕೇಳುವುದಿಲ್ಲ. ಎರಡನೆಯ ರೂಟರನ್ನು ಆ್ಯಕ್ಸೆಸ್ ಪಾಯಿಂಟ್ ಅಥವಾ ಬ್ರಿಜ್ ಎಂಬ ವಿಧಾನಕ್ಕೆ ಬದಲಿಸಿದರೆ ಇಡೀ ಮನೆ ಒಂದಾಗುತ್ತದೆ.

ಮೂರನೆಯದು ವಿಪಿಎನ್. ಊರಿನ ಧಾರಾವಾಹಿ ನೋಡಲೆಂದೋ ಆಫೀಸಿನ ಕೆಲಸಕ್ಕೆಂದೋ ಅದು ಚಾಲೂ ಇದ್ದರೆ ಫೋನು ಪಕ್ಕದಲ್ಲೇ ಇದ್ದರೂ ಮನಸ್ಸು ಬೇರೆಲ್ಲೋ ಇದ್ದಂತೆ. ಆರಿಸಿ ನೋಡಿ. ನಾಲ್ಕನೆಯದು ಒಂದು ಅನುಮತಿ. 2020ರ ಐಒಎಸ್ 14ರಿಂದೀಚೆಗೆ ಇಂಥ ಆ್ಯಪ್ ಮೊದಲ ಸಲ ತೆರೆದಾಗ, ಲೋಕಲ್ ನೆಟ್‌ವರ್ಕ್‌ನಲ್ಲಿರುವ ಸಾಧನಗಳನ್ನು ಹುಡುಕಬಹುದೇ ಎಂದು ಐಫೋನು ಕೇಳುತ್ತದೆ. ಅವಸರದಲ್ಲಿ ಬೇಡ ಎಂದಿದ್ದರೆ ಸೆಟ್ಟಿಂಗ್ಸ್‌ನ ಪ್ರೈವಸಿ ಭಾಗದಲ್ಲಿ ಲೋಕಲ್ ನೆಟ್‌ವರ್ಕ್ ಒಳಗೆ ಹೋಗಿ ಒಪ್ಪಿಗೆ ಕೊಡಬೇಕು. ವಿಂಡೋಸ್‌ನಲ್ಲಿ ಇದರ ಜೋಡಿ ಎಂದರೆ ನಿಮ್ಮ ಮನೆಯ ವೈ-ಫೈಯನ್ನು ಪಬ್ಲಿಕ್ ಎಂದು ಗುರುತಿಸಿರುವುದು. ಅದನ್ನು ಪ್ರೈವೇಟ್ ಮಾಡಿ.

ಅಟ್ಟ ಮತ್ತು ಜಗಲಿ

ಒಂದೊಂದೇ ಫೈಲು ದಾಟಿಸುವುದು ಒಂದು ಹಂತ. ಮುಂದಿನದು, ಮನೆಗೆಲ್ಲ ಒಂದು ಫೋಲ್ಡರು. ಮಗು ಯಾರನ್ನೂ ಕೇಳದೆ ತೆರೆದು ಓದಬಹುದಾದ, ಕೇಳಬಹುದಾದ ಜಾಗ. ಇದಕ್ಕೆ ಮೂಲೆಯಲ್ಲಿ ಬಿದ್ದಿರುವ ಹಳೇ ಲ್ಯಾಪ್‌ಟಾಪ್ ಸಾಕು. ಕಂಪ್ಯೂಟರಿನ ಫೋಲ್ಡರನ್ನು ನೆಟ್‌ವರ್ಕ್‌ನಲ್ಲಿ ಹಂಚುವ ಭಾಷೆಗೆ ಎಸ್‌ಎಂಬಿ ಎಂದು ಹೆಸರು. 1980ರ ದಶಕದಲ್ಲಿ ಐಬಿಎಂನಲ್ಲಿ ಹುಟ್ಟಿ, ವಿಂಡೋಸ್ ಜೊತೆ ಬೆಳೆದದ್ದು. ಕ್ಯಾನ್‌ಬೆರಾದಲ್ಲಿ ವಿದ್ಯಾರ್ಥಿಯಾಗಿದ್ದ ಆ್ಯಂಡ್ರೂ ಟ್ರಿಜೆಲ್ 1990ರ ದಶಕದ ಮೊದಲಲ್ಲಿ ಅದನ್ನು ಬೇರೆ ಯಂತ್ರಗಳೂ ಮಾತಾಡುವಂತೆ ಸಾಂಬಾ ಎಂಬ ತಂತ್ರಾಂಶ ಬರೆದರು. ‘ಸಾಂಬಾ’ ಎಂಬ ಹೆಸರು ಬಂದದ್ದು ಎಸ್, ಎಂ, ಬಿ ಅಕ್ಷರಗಳು ಆ ಕ್ರಮದಲ್ಲಿ ಬರುವ ಪದ ಹುಡುಕಿದಾಗ. ನಮ್ಮ ಸಾಂಬಾರಿಗೂ ಅದಕ್ಕೂ ಸಂಬಂಧವಿಲ್ಲ, ಆದರೂ ಮಕ್ಕಳಿಗೆ ಹೇಳಿ ನೋಡಿ, ನಗುತ್ತಾರೆ.

ವಿಂಡೋಸ್‌ನಲ್ಲಿ ಫೋಲ್ಡರಿನ ಪ್ರಾಪರ್ಟೀಸ್ ತೆರೆದು ಶೇರಿಂಗ್ ಒತ್ತಿ, ಯಾರಿಗೆ ಎಂದು ಆರಿಸಿ. ಮ್ಯಾಕ್‌ನಲ್ಲಾದರೆ ಸಿಸ್ಟಮ್ ಸೆಟ್ಟಿಂಗ್ಸ್, ಜನರಲ್, ಶೇರಿಂಗ್, ಅಲ್ಲಿ ಫೈಲ್ ಶೇರಿಂಗ್. ಐಪ್ಯಾಡಿನ ಫೈಲ್ಸ್ ಆ್ಯಪ್‌ನಲ್ಲಿ ಬ್ರೌಸ್ ಪುಟದ ಮೂರು ಚುಕ್ಕೆ ಒತ್ತಿ ‘ಕನೆಕ್ಟ್ ಟು ಸರ್ವರ್’ ಆರಿಸಿ, ಕಂಪ್ಯೂಟರಿನ ವಿಳಾಸ ಕೊಡಿ, ಅದು ಸಾಮಾನ್ಯವಾಗಿ 192.168 ಎಂದು ಶುರುವಾಗುವ ಅಂಕಿಗಳ ಸಾಲು, ಕಂಪ್ಯೂಟರಿನ ವೈ-ಫೈ ವಿವರಗಳಲ್ಲಿ ಐಪಿವಿ4 ಎಂದು ಬರೆದಿರುತ್ತದೆ. ಆಂಡ್ರಾಯ್ಡ್‌ನಲ್ಲಿ ವಿಎಲ್‌ಸಿ ಹಾಕಿಕೊಂಡರೆ ಲೋಕಲ್ ನೆಟ್‌ವರ್ಕ್‌ನಲ್ಲಿರುವ ಹಾಡು-ವಿಡಿಯೋಗಳನ್ನು ಅಲ್ಲಿಂದಲೇ ನುಡಿಸಬಹುದು. ಇಲ್ಲಿ ಎಲ್ಲರೂ ಎಡವುವ ಒಂದು ಕಲ್ಲಿದೆ: ವಿಂಡೋಸ್ ಲಾಗಿನ್‌ಗೆ ನಾವು ದಿನಾ ಒತ್ತುವ ನಾಲ್ಕಂಕಿಯ ಪಿನ್ ಇಲ್ಲಿ ನಡೆಯುವುದಿಲ್ಲ, ಖಾತೆಯ ನಿಜವಾದ ಪಾಸ್‌ವರ್ಡೇ ಬೇಕು. ಮಕ್ಕಳಿಗೆಂದು ಆ ಕಂಪ್ಯೂಟರಿನಲ್ಲಿ ಬೇರೆಯದೇ ಒಂದು ಸಾದಾ ಬಳಕೆದಾರ ಖಾತೆ ತೆರೆದು ಅದರ ಪಾಸ್‌ವರ್ಡ್ ಕೊಡುವುದು ಒಳ್ಳೆಯದು. ಲ್ಯಾಪ್‌ಟಾಪ್ ನಿದ್ದೆಗೆ ಜಾರಿದರೆ ಫೋಲ್ಡರೂ ಮಾಯ. ಚಾರ್ಜರ್ ಹಾಕಿಟ್ಟಾಗ ಮಲಗದಂತೆ ಹೇಳಿಡಿ.

ನಾವು ಎರಡು ಫೋಲ್ಡರ್ ಇಟ್ಟುಕೊಂಡಿದ್ದೇವೆ. ಒಂದರ ಹೆಸರು ‘ಅಟ್ಟ’, ಇನ್ನೊಂದರದು ‘ಜಗಲಿ’. ಅಟ್ಟದಲ್ಲಿರುವುದನ್ನು ಮಕ್ಕಳು ನೋಡಬಹುದು, ಅಳಿಸಲಾಗದು. ಓದಲಷ್ಟೇ ಅನುಮತಿ ಕೊಟ್ಟಿದೆ. ಜಗಲಿಯಲ್ಲಿ ಯಾರು ಬೇಕಾದರೂ ಏನು ಬೇಕಾದರೂ ತಂದಿಡಬಹುದು. ಈ ವ್ಯತ್ಯಾಸ ಮುಖ್ಯ, ಯಾಕೆಂದರೆ ವಿಂಡೋಸ್‌ನಲ್ಲಿ ನೆಟ್‌ವರ್ಕ್ ಮೂಲಕ ಅಳಿಸಿದ ಫೈಲು ಸಾಮಾನ್ಯವಾಗಿ ರಿಸೈಕಲ್ ಬಿನ್‌ಗೆ ಹೋಗುವುದಿಲ್ಲ, ನೇರ ಕೈಲಾಸಕ್ಕೆ ಹೋಗುತ್ತದೆ. ನಾಲ್ಕು ವರ್ಷದ ಮಗ ಇರುವ ಮನೆಯಲ್ಲಿ ಇದು ಬರೀ ಸಿದ್ಧಾಂತವಲ್ಲ. ಶನಿವಾರ ಸಂಜೆ ಜಗಲಿ ಗುಡಿಸಿ, ಉಳಿಸಬೇಕಾದ್ದನ್ನು ಅಟ್ಟಕ್ಕೆ ಏರಿಸುವುದು ನನ್ನ ಗಂಡನ ಕೆಲಸ. ಇಲ್ಲಿ ಹುಟ್ಟಿದ ಮಕ್ಕಳಿಗೆ ಜಗಲಿ ಎಂದರೆ ಏನೆಂದು ಗೊತ್ತಿರಲಿಲ್ಲ. ಅಜ್ಜಿಗೆ ವಿವರಿಸಲು ಅದೇ ಒಂದು ನೆಪವಾಯಿತು, ಆ ವಿವರಣೆ ಅಡಿಕೆ ಒಣಹಾಕುವ ಅಂಗಳದವರೆಗೂ ಹೋಯಿತು.

ಅಟ್ಟಕ್ಕೆ ಏನು ತುಂಬಬೇಕು? ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರುಮಾಡಿದ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಪುಸ್ತಕಗಳಿವೆ. ಮುಕ್ತ ಪರವಾನಗಿಯವು, ಪಿಡಿಎಫ್ ಇಳಿಸಿಕೊಂಡು ಇಟ್ಟುಕೊಳ್ಳಬಹುದು. ಕರ್ನಾಟಕ ಪಠ್ಯಪುಸ್ತಕ ಸಂಘ ಶಾಲಾ ಪುಸ್ತಕಗಳ ಪಿಡಿಎಫ್‌ಗಳನ್ನು ಉಚಿತವಾಗಿ ಕೊಡುತ್ತದೆ. ವಾರಾಂತ್ಯದ ಕನ್ನಡ ತರಗತಿಯ ಹಾಳೆಗಳು. ಮಕ್ಕಳು ವೇದಿಕೆಯಲ್ಲಿ ಹೇಳಿದ ಪದ್ಯದ ವಿಡಿಯೋ. ಅಟ್ಲಾಂಟಾದ ನೃಪತುಂಗ ಕನ್ನಡ ಕೂಟವಿರಲಿ, ವಾಷಿಂಗ್ಟನ್ನಿನ ಕಾವೇರಿಯಿರಲಿ, ಪ್ರತಿ ರಾಜ್ಯೋತ್ಸವದಲ್ಲೂ ನೂರು ಫೋನುಗಳು ಮೇಲೇಳುತ್ತವೆ, ಆ ವಿಡಿಯೋ ಆಮೇಲೆ ಯಾವ ಮಗುವಿಗೂ ಸಿಗುವುದಿಲ್ಲ. ತಾನು ಹಾಡಿದ್ದನ್ನು ಮಗು ಮತ್ತೆ ಮತ್ತೆ ನೋಡುತ್ತದೆ ಎಂಬುದು ತಂದೆತಾಯಿಗಳೆಲ್ಲರಿಗೂ ಗೊತ್ತು. ಬೇಡವೆಂದರೂ ಸಾಹಿತ್ಯ ಬಾಯಿಗೆ ಬರುತ್ತದೆ.

ಎಲ್ಲಕ್ಕಿಂತ ಮೊದಲು ತುಂಬಬೇಕಾದ್ದು ಧ್ವನಿ. ಚಿತ್ರಪುಸ್ತಕ ನಾಳೆಯೂ ಸಿಗುತ್ತದೆ. ಅಜ್ಜ-ಅಜ್ಜಿಯರ ವಾಯ್ಸ್ ಮೆಸೇಜುಗಳು ಮಾತ್ರ ಯಾವುದೋ ಒಂದು ಫೋನಿನಲ್ಲಿ ಕೂತಿರುತ್ತವೆ; ಆ ಫೋನು ದೀಪಾವಳಿಯ ಎಕ್ಸ್‌ಚೇಂಜ್‌ನಲ್ಲಿ ಅಂಗಡಿಗೆ ಹೋದ ದಿನ ಅವೂ ಹೋದವು. ಆಲ್ಫರೆಟ್ಟಾದಲ್ಲಿರುವ ಗೆಳತಿಯೊಬ್ಬಳ ಮಾವ ತೀರಿಕೊಂಡಾಗ ಮಕ್ಕಳ ಬಳಿ ಅವರ ದನಿ ಉಳಿದದ್ದು ಒಂದೇ ಒಂದು, ಹದಿನೇಳು ಸೆಕೆಂಡಿನದು. ‘ಊಟ ಆಯ್ತಾ ಮರಿ, ಅಪ್ಪಂಗೆ ಫೋನ್ ಕೊಡು’ ಎಂಬಷ್ಟೇ. ಅವಳ ಚಿಕ್ಕ ಮಗ ಅದನ್ನೇ ಹಾಕಿಕೊಂಡು ಕೂರುತ್ತಾನಂತೆ.

ಆಂಡ್ರಾಯ್ಡ್ ಫೋನಿನಲ್ಲಿ ವಾಟ್ಸಾಪ್ ಧ್ವನಿಗಳು ವಾಯ್ಸ್ ನೋಟ್ಸ್ ಎಂಬ ಫೋಲ್ಡರಿನಲ್ಲಿ ಓಪಸ್ ಎಂಬ ನಮೂನೆಯಲ್ಲಿ ಇರುತ್ತವೆ. ಇಡೀ ಫೋಲ್ಡರನ್ನು ಲೋಕಲ್‌ಸೆಂಡ್‌ನಿಂದ ಒಮ್ಮೆಗೇ ಕಂಪ್ಯೂಟರಿಗೆ ಕಳಿಸಬಹುದು; ವಿಎಲ್‌ಸಿ ಎಲ್ಲವನ್ನೂ ನುಡಿಸುತ್ತದೆ. ಹೊಸದಾಗಿ ಕತೆ ಹೇಳಿಸುವುದಾದರೆ ವಾಟ್ಸಾಪ್ ಬೇಡ, ಫೋನಿನ ರೆಕಾರ್ಡರ್ ಬಳಸಿ; ವಾಟ್ಸಾಪ್ ಧ್ವನಿಯನ್ನು ಹಿಂಡಿ ಸಣ್ಣದು ಮಾಡುತ್ತದೆ. ಫೋಟೋಗಳೂ ಹಾಗೆಯೇ, ಅಲ್ಲಿ ಹಾದು ಬಂದ ಮೇಲೆ ತೆಗೆದ ದಿನಾಂಕ ಕೂಡ ಉಳಿಯುವುದಿಲ್ಲ. ಅನಿವಾರ್ಯವಾದರೆ ಡಾಕ್ಯುಮೆಂಟ್ ಎಂದು ಕಳಿಸಿ, ಇದ್ದದ್ದು ಇದ್ದಂತೆ ಹೋಗುತ್ತದೆ. ಡಿಶ್‌ವಾಷರ್ ಓಡದ ಹೊತ್ತು ನೋಡಿ ಕೂರಿಸಿ. ಮಗು ಪಕ್ಕದಲ್ಲಿರಲಿ, ‘ಆಮೇಲೆ?’ ಎಂದು ಕೇಳುವವರಿಲ್ಲದೆ ಯಾವ ಅಜ್ಜಿಯೂ ಚೆನ್ನಾಗಿ ಕತೆ ಹೇಳುವುದಿಲ್ಲ.

ಹೆಸರಿಡುವ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಲ್ಯಾಬ್‌ನಲ್ಲಿ ಡೇಟಾ ಫೈಲಿಗೆ ದಿನಾಂಕವಿಲ್ಲದಿದ್ದರೆ ಅದು ಇಲ್ಲದಂತೆಯೇ ಎಂದು ಕಲಿತವಳು. ವರ್ಷ ಮೊದಲು, ಆಮೇಲೆ ತಿಂಗಳು, ಆಮೇಲೆ ದಿನ: ‘2025-10-18 ಅಜ್ಜಿ ಕಾಗಕ್ಕ ಗುಬ್ಬಕ್ಕ’. ಹೀಗಿಟ್ಟರೆ ಫೈಲುಗಳು ತಾವಾಗಿ ಕಾಲಾನುಕ್ರಮದಲ್ಲಿ ಕೂರುತ್ತವೆ. ಹೆಸರು ಕನ್ನಡದಲ್ಲೇ ಇರಲಿ, ಏನೂ ತೊಂದರೆಯಿಲ್ಲ. ಯೂನಿಕೋಡ್‌ನಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಇದೆ. ಪ್ರಶ್ನಾರ್ಥಕ ಚಿಹ್ನೆ, ಕೋಲನ್, ಓರೆಗೆರೆ ಮಾತ್ರ ಬೇಡ, ವಿಂಡೋಸ್ ಒಪ್ಪುವುದಿಲ್ಲ. ತೀರಾ ಉದ್ದವೂ ಬೇಡ. ಆಂಡ್ರಾಯ್ಡ್‌ನಲ್ಲಿ ಒಂದು ಹೆಸರಿಗೆ ಸಾಮಾನ್ಯವಾಗಿ 255 ಬೈಟ್ ಮಿತಿ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೇಕು. ‘ಅಜ್ಜಿಕತೆ’ ಎಂಬುದು ಕಣ್ಣಿಗೆ ನಾಲ್ಕೇ ಅಕ್ಷರ. ಕಂಪ್ಯೂಟರಿಗೆ ಸ್ವರ, ವ್ಯಂಜನ, ವಿರಾಮ, ಗುಣಿತ ಎಲ್ಲ ಬಿಡಿಸಿದರೆ ಎಂಟು ಚಿಹ್ನೆ, 24 ಬೈಟ್. ಒತ್ತಕ್ಷರ ಒಳಗೆ ಹೇಗೆ ಕಟ್ಟಿಕೊಂಡಿದೆ ಎಂದು ಮಗಳಿಗೆ ತೋರಿಸಲು ನಾನು ಇದನ್ನೇ ಬಳಸಿದೆ.

ತಾತ ಟೈಪ್ ಮಾಡಿಟ್ಟ ನೆನಪುಗಳೋ ವಂಶಾವಳಿಯೋ ಇದ್ದರೆ ಇನ್ನೊಂದು ಮಾತು. ಹಳೇ ನುಡಿ, ಬರಹ ಫಾಂಟುಗಳಲ್ಲಿ ಬರೆದ ಫೈಲು ಐಪ್ಯಾಡಿಗೆ ಬಂದಾಗ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿಯಾಗಿ ಕಾಣುತ್ತದೆ. ಫೈಲು ಕೆಟ್ಟಿಲ್ಲ, ಅದು ಯೂನಿಕೋಡ್ ಅಲ್ಲ, ಅಷ್ಟೆ. ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ ಬದಲಿಸಿ, ಮೂಲ ಫೈಲನ್ನೂ ಹಾಗೇ ಉಳಿಸಿಕೊಳ್ಳಿ, ಪರಿವರ್ತನೆಯಲ್ಲಿ ಅರ್ಕಾವತ್ತು ಅಲ್ಲಲ್ಲಿ ಎಡವಟ್ಟಾಗುವುದುಂಟು.

ಬಾಗಿಲು ಎಲ್ಲಿ ಹಾಕಬೇಕು

ಶಾಲೆ ಕೊಟ್ಟ ಸಾಧನ, ಆಫೀಸಿನ ಲ್ಯಾಪ್‌ಟಾಪ್ ಎರಡನ್ನೂ ಈ ವ್ಯವಸ್ಥೆಯಿಂದ ಹೊರಗಿಡಿ. ಅವು ನಮ್ಮವಲ್ಲ. ಹಾರ್ಟ್ಸ್‌ಫೀಲ್ಡ್-ಜ್ಯಾಕ್ಸನ್ ವಿಮಾನ ನಿಲ್ದಾಣದಂಥ ಜನಜಂಗುಳಿಯಲ್ಲಿ ಅಪರಿಚಿತರು ಮಕ್ಕಳ ಐಪ್ಯಾಡಿಗೆ ಏನೇನೋ ಚಿತ್ರ ತಳ್ಳುವ ಕಾಟ ಹಿಂದೆ ಇತ್ತು. ‘ಎಲ್ಲರಿಂದ’ ಎಂಬುದನ್ನು ಆ್ಯಪಲ್ 2022ರ ಕೊನೆಯಲ್ಲಿ ಹತ್ತು ನಿಮಿಷಕ್ಕೆ ಇಳಿಸಿತು. ಸ್ಕ್ರೀನ್ ಟೈಮ್‌ನಲ್ಲಿ ಏರ್‌ಡ್ರಾಪನ್ನೇ ಪೂರ್ತಿ ಮುಚ್ಚುವ ಆಯ್ಕೆಯೂ ಇದೆ. ಹಂಚಿದ ಫೋಲ್ಡರನ್ನು ಮನೆಯ ಹೊರಗಿನಿಂದ ನೋಡಬೇಕು ಎಂಬ ಆಸೆಗೆ ರೂಟರಿನಲ್ಲಿ ಪೋರ್ಟ್ ತೆರೆಯಬೇಡಿ. ಹಳೇ ಪೆಟ್ಟಿಗೆಯೊಂದು ಕೆಲಸ ಮಾಡಲೆಂದು ಎಸ್‌ಎಂಬಿಯ ಮೊದಲ ಆವೃತ್ತಿ ಚಾಲೂ ಮಾಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. 2017ರ ಮೇ ತಿಂಗಳಲ್ಲಿ ಬ್ರಿಟನ್ನಿನ ಆಸ್ಪತ್ರೆಗಳನ್ನೇ ಅಲುಗಾಡಿಸಿದ ವಾನಾಕ್ರೈ ಹರಡಿದ್ದು ಅದೇ ಬಿರುಕಿನಿಂದ.

ಹಂಚಿಕೆ ಬೇರೆ, ನಕಲು ಬೇರೆ ಎಂಬುದೂ ನೆನಪಿರಲಿ. ಅಟ್ಟದ ಲ್ಯಾಪ್‌ಟಾಪ್ ಒಂದು ದಿನ ಕೈಕೊಟ್ಟೇ ಕೊಡುತ್ತದೆ. ಆರು ತಿಂಗಳಿಗೊಮ್ಮೆ ಒಂದು ಹೊರಗಿನ ಡಿಸ್ಕಿಗೆ ಪ್ರತಿ ಮಾಡಿ, ಅದನ್ನು ಬೇರೆ ಮನೆಯಲ್ಲಿಡಿ. ನಮ್ಮದೊಂದು ಶಿವಮೊಗ್ಗದಲ್ಲಿ ಚಿಕ್ಕಪ್ಪನ ಬೀರುವಿನಲ್ಲಿದೆ.

ಮಕ್ಕಳ ಎದುರು ಇದಕ್ಕೆಲ್ಲ ಯಾವ ಕನ್ನಡ ಬಳಸಬೇಕು ಎಂದು ಕೆಲವರು ಕೇಳಿದ್ದಾರೆ. ಕಡತ, ಗಣಕ ಎಂದು ಮನೆಯಲ್ಲಿ ಯಾರೂ ಅನ್ನುವುದಿಲ್ಲ, ಮಕ್ಕಳಿಗೆ ಮಾತ್ರ ಯಾಕೆ ಆ ಶಿಕ್ಷೆ? ನಾಮಪದ ಇಂಗ್ಲಿಷಿನದೇ ಇರಲಿ. ವಿಭಕ್ತಿ, ಕ್ರಿಯಾಪದ ಕನ್ನಡದವಾಗಿರಲಿ. ‘ಫೈಲನ್ನು ಅಜ್ಜಿಯ ಫೋನಿಗೆ ಕಳಿಸು’, ‘ಬಂತಾ ನೋಡು’, ‘ಜಗಲಿಯಿಂದ ಎತ್ತಿ ಅಟ್ಟಕ್ಕೆ ಹಾಕು’. ‘ಸೆಂಡ್ ಮಾಡು’ ಎಂಬುದಕ್ಕಿಂತ ‘ಕಳಿಸು’ ಚಿಕ್ಕದು ಕೂಡ. ಮಗ ‘ಕಳ್ಸಿದೆ’ ಎಂದು ಅಜ್ಜಿಯ ಧಾಟಿಯಲ್ಲೇ ಹೇಳಲು ಶುರುಮಾಡಿ ಎರಡು ತಿಂಗಳಾಯಿತು.

ಇನ್ನು ವಾಪಸ್ ದಾರಿ. ಅಜ್ಜಿ ಊರಿಗೆ ಹೊರಡುವ ಮುನ್ನ ಅವರ ಫೋನಿಗೂ ತುಂಬಿ ಕಳಿಸಬೇಕು: ಮಕ್ಕಳ ಫೋಟೋ, ವಿಡಿಯೋ, ಅವರು ಓದಿದ ಪುಸ್ತಕದ ದನಿ. ಮಲೆನಾಡಿನ ಮಳೆಗಾಲದಲ್ಲಿ ನೆಟ್‌ವರ್ಕ್ ಹೇಗಿರುತ್ತದೆ ಎಂಬುದು ಬಲ್ಲವರಿಗೇ ಗೊತ್ತು. ಫೋನಿನೊಳಗೇ ಇದ್ದರೆ ಕಾಯಬೇಕಿಲ್ಲ. ಮೊದಲು ಸ್ಟೋರೇಜ್ ನೋಡಿ, ಹತ್ತು ಗಿಗಾಬೈಟ್‌ನಷ್ಟಾದರೂ ಖಾಲಿ ಉಳಿಯಲಿ. ಐಫೋನಿನ ಎಚ್‌ಇಐಸಿ ಫೋಟೋಗಳನ್ನು ಜೆಪೆಗ್‌ಗೆ ಬದಲಿಸಿ ಕಳಿಸಿ, ಹಳೇ ಆಂಡ್ರಾಯ್ಡ್‌ನಲ್ಲಿ ತೆರೆಯದೆ ಹೋದೀತು. ಗ್ಯಾಲರಿಯಲ್ಲಿ ಬೇರೆ ಆಲ್ಬಮ್ ಮಾಡಿ, ಅದನ್ನು ತೆರೆಯುವುದನ್ನು ಅವರ ಕೈಯಲ್ಲೇ ಎರಡು ಸಲ ಮಾಡಿಸಿ. ಈ ಕೆಲಸವನ್ನು ಪೆಟ್ಟಿಗೆ ತೂಕ ಹಾಕುವ ದಿನಕ್ಕೆ ಇಟ್ಟುಕೊಳ್ಳಬೇಡಿ. ಅಷ್ಟು ಹೊತ್ತಿಗೆ ಚಾರ್ಜರು ಸೂಟ್‌ಕೇಸಿನ ತಳ ಸೇರಿರುತ್ತದೆ.